ಸೆಂಟಾರಸ್ ಎಕ್ಸ್-3ರ ಸ್ಪೆಕ್ಟ್ರಮ್: ಇಲ್ಲದ ಗೆರೆ, ಇರೋ ಗೆರೆ

ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ತೀರಾ ದಟ್ಟವಾದ ತಿರುಳು) ಇರೋ ಜೋಡಿ ನಕ್ಷತ್ರಗಳ ಎಕ್ಸ್‌ರೇ ಡೇಟಾ ಮೇಲೆ ಕೆಲಸ ಶುರು ಮಾಡೋರಿಗೆ ಒಂದು ಗುಂಡಿ ಕಾಯ್ತಾ ಇರತ್ತೆ: ಸ್ಪೆಕ್ಟ್ರಮ್‌ನಲ್ಲಿ, ಅಂದ್ರೆ ಯಾವ ಶಕ್ತಿಯ ಎಕ್ಸ್‌ರೇ ಎಷ್ಟು ಬರ್ತಿದೆ ಅನ್ನೋ ಪ್ಲಾಟ್‌ನಲ್ಲಿ, ಇಲ್ಲದ ಗೆರೆ (ಒಂದು ಶಕ್ತಿಯ ಹತ್ತಿರ ಮಾತ್ರ ಬರೋ ತಗ್ಗು ಅಥವಾ ಉಬ್ಬು) ಕಾಣೋದು. ನಾನೂ ಅದರಲ್ಲಿ ಬಿದ್ದೆ, ಹತ್ತಿರ ಹತ್ತಿರ ಎರಡು ತಿಂಗಳು ಅಲ್ಲೇ ಇದ್ದೆ. ಮುಂದೆ ಬರೋರಿಗೆ ಉಪಯೋಗ ಆಗಲಿ ಅಂತ ಪೂರ್ತಿ ಬರೀತಿದೀನಿ.

ನಾನು ತಗೊಂಡಿದ್ದು ಸೆಂಟಾರಸ್ ಎಕ್ಸ್-3. ಸಂಗಾತಿಯಿಂದ ಅನಿಲ ಎಳ್ಕೊಂಡು ಹೊಳೆಯೋ ಪಲ್ಸಾರ್‌ಗಳಲ್ಲಿ (ತಿರುಗ್ತಾ ಮಿಡಿಯೋ ನ್ಯೂಟ್ರಾನ್ ನಕ್ಷತ್ರಗಳಲ್ಲಿ) ಮೊದಲು ಸಿಕ್ಕಿದ್ದೇ ಇದು, 1971ರಲ್ಲಿ ಉಹುರು ಉಪಗ್ರಹದ ಡೇಟಾದಲ್ಲಿ. 4.8 ಸೆಕೆಂಡಿಗೆ ಒಂದು ಮಿಡಿತ, ಸುಮಾರು 2.09 ದಿನಕ್ಕೆ ಒಂದು ಸುತ್ತು, ಸಂಗಾತಿ ಸೂರ್ಯನ ಇಪ್ಪತ್ತರಷ್ಟು ತೂಕದ ಓ ವರ್ಗದ (ತುಂಬ ಬಿಸಿಯಾದ) ದೈತ್ಯ, ಪ್ರತಿ ಸುತ್ತಲ್ಲೂ ಅದು ನ್ಯೂಟ್ರಾನ್ ನಕ್ಷತ್ರಕ್ಕೆ ಅಡ್ಡ ಬಂದು ಗ್ರಹಣ ಆಗತ್ತೆ. ಒಂದೇ ಜೋಡಿಯಲ್ಲಿ ಕಲಿಯೋಕೆ ಇಷ್ಟೆಲ್ಲಾ ಸಿಗೋದು ಅಪರೂಪ, ಅದಕ್ಕೇ ಇದನ್ನ ಆರಿಸ್ಕೊಂಡೆ.

ಡೇಟಾ ನ್ಯೂಸ್ಟಾರ್ ಉಪಗ್ರಹದ್ದು, 3ರಿಂದ 79 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್, ಎಕ್ಸ್‌ರೇ ಶಕ್ತಿಯ ಅಳತೆ) ವರೆಗೆ ನೋಡತ್ತೆ, ಆರ್ಕೈವ್‌ನಲ್ಲಿ ಯಾರು ಬೇಕಾದ್ರೂ ಇಳಿಸ್ಕೋಬಹುದು. ಪೈಪ್‌ಲೈನ್ (ಕಚ್ಚಾ ಡೇಟಾ ಸರಿ ಮಾಡೋ ಸಾಫ್ಟ್‌ವೇರ್) ಓಡಿಸೋದು, ಸೋರ್ಸ್ ಸುತ್ತ ವೃತ್ತ ಹಾಕೋದು, ಬ್ಯಾಕ್‌ಗ್ರೌಂಡ್‌ಗೆ ಬೇರೆ ಜಾಗ ಆರಿಸೋದು, ಇದೆಲ್ಲ ಎರಡು ದಿನದ ಕೆಲಸ. ಒಂದೇ ವಿಷಯಕ್ಕೆ ಎಚ್ಚರ ಬೇಕು. ನ್ಯೂಟ್ರಾನ್ ನಕ್ಷತ್ರದ ಕಕ್ಷೆಯ ತ್ರಿಜ್ಯ ನಮ್ಮ ನೋಟದ ದಿಕ್ಕಲ್ಲಿ 39.6 ಬೆಳಕಿನ ಸೆಕೆಂಡ್ ಇದೆ, ಅಂದ್ರೆ ಅದು ಹತ್ತಿರ ಬಂದಾಗ ಮಿಡಿತ ಬೇಗ ತಲುಪತ್ತೆ, ದೂರ ಹೋದಾಗ ತಡ, ಮಿಡಿತದ ಅವಧಿಯೇ 4.8 ಸೆಕೆಂಡ್ ಇರುವಾಗ ಈ ವ್ಯತ್ಯಾಸ ಸರಿ ಮಾಡದೇ ಫೋಲ್ಡ್ ಮಾಡಿದ್ರೆ (ಎಲ್ಲ ಮಿಡಿತಗಳನ್ನ ಒಂದರ ಮೇಲೊಂದು ಇಟ್ಟು ಕೂಡಿಸಿದ್ರೆ) ಮಿಡಿತದ ಆಕಾರವೇ ಅಳಿಸಿ ಹೋಗತ್ತೆ.

ಸರಿ, ಫಿಟ್‌ಗೆ, ಅಂದ್ರೆ ಡೇಟಾಗೆ ಮಾಡೆಲ್ ಹೊಂದಿಸೋದಕ್ಕೆ, ಬರೋಣ. ಎಕ್ಸ್‌ಸ್ಪೆಕ್ ಅನ್ನೋ ಫಿಟ್ ಸಾಫ್ಟ್‌ವೇರ್‌ನಲ್ಲಿ ಎಲ್ಲರೂ ಮಾಡೋ ಹಾಗೆ ಅದರ ಸಿದ್ಧ ಮಾಡೆಲ್‌ಗಳಿಂದ ಶುರು ಮಾಡ್ದೆ, ದಾರಿಯ ಅನಿಲದ ಹೀರಿಕೆಗೆ ಟಿಬಿಆಬ್ಸ್, ಅದರ ಜೊತೆ ಪವರ್ ಲಾ (ಶಕ್ತಿ ಏರಿದಂತೆ ಒಂದೇ ಘಾತದಲ್ಲಿ ಇಳಿಯೋ ವಕ್ರರೇಖೆ), ಮೇಲಿನ ಶಕ್ತಿಯಲ್ಲಿ ಸ್ಪೆಕ್ಟ್ರಮ್ ಬಗ್ಗೋದಕ್ಕೆ ಹೈಇಕಟ್, ಕಬ್ಬಿಣದ ಗೆರೆಗೆ ಒಂದು ಗಾಸಿಯನ್ (ಗಂಟೆಯಾಕಾರದ ಉಬ್ಬು). ಫಿಟ್ ಆದ ಮೇಲೆ ಕೆಳಗಿನ ರೆಸಿಡ್ಯುಯಲ್ ಪಟ್ಟಿ (ಡೇಟಾಗೂ ಮಾಡೆಲ್‌ಗೂ ಇರೋ ವ್ಯತ್ಯಾಸ) ನೋಡಿದ್ರೆ ಎರಡು ತಗ್ಗು. ಒಂದು 28 ಕೆಇವಿ ಹತ್ತಿರ ಅಗಲವಾಗಿ, ಅದು ಗೊತ್ತಿರೋದೇ, ಈ ನಕ್ಷತ್ರದ ಸೈಕ್ಲೋಟ್ರಾನ್ ಗೆರೆ, ಕಾಂತಕ್ಷೇತ್ರದಿಂದ ಬೀಳೋದು. ಇನ್ನೊಂದು 14 ಕೆಇವಿ ಹತ್ತಿರ, ಸಣ್ಣದು, ಚೂಪಾಗಿ.

14, ಆಮೇಲೆ 28. ಕರೆಕ್ಟಾಗಿ ಎರಡರಷ್ಟು! ಆ ರಾತ್ರಿ ನಿದ್ದೆ ಬರಲಿಲ್ಲ. ಕಾಂತಕ್ಷೇತ್ರದಲ್ಲಿ ಸಿಕ್ಕ ಎಲೆಕ್ಟ್ರಾನ್‌ಗಳ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಇರತ್ತೆ, ಮೊದಲ ಮೆಟ್ಟಿಲಿಗೆ ತಕ್ಕ ಫೋಟಾನ್‌ಗಳು ಚದುರಿ ಸ್ಪೆಕ್ಟ್ರಮ್‌ನಲ್ಲಿ ಗುಳಿ ಬೀಳತ್ತೆ, ಹೆಚ್ಚುಕಮ್ಮಿ ಅದರ ಎರಡರಷ್ಟರಲ್ಲಿ ಇನ್ನೊಂದು ಗುಳಿ ಬರಬಹುದು. ಹಾಗಾದ್ರೆ ಇಷ್ಟು ವರ್ಷ ಎಲ್ಲರೂ ಮೂಲ ಗೆರೆ ಅಂದ್ಕೊಂಡಿದ್ದು ನಿಜಕ್ಕೂ ಎರಡನೆಯದು, ಕಾಂತಕ್ಷೇತ್ರ ಅರ್ಧದಷ್ಟೇ ಅಂತ ಆಗತ್ತಲ್ಲ. 14ರಲ್ಲಿ ಒಂದು ಗ್ಯಾಬ್ಸ್ (ಗುಳಿಯ ಮಾಡೆಲ್) ಸೇರಿಸ್ದೆ, ಕೈ-ಸ್ಕ್ವೇರ್ (ಮಾಡೆಲ್ ಡೇಟಾದಿಂದ ಎಷ್ಟು ದೂರ ಇದೆ ಅನ್ನೋ ಅಳತೆ) ಧಡಕ್ಕನೆ ಇಳೀತು, ಆ ಇಳಿತ ಆಕಸ್ಮಿಕವೋ ಅಂತ ಅಳೆಯೋ ಎಫ್-ಟೆಸ್ಟ್ ಹಾಕ್ದೆ, ಆಕಸ್ಮಿಕ ಆಗಿರೋ ಸಾಧ್ಯತೆ ಸೊನ್ನೆ ಪಕ್ಕದಲ್ಲೇ ಬಂತು. ಬರವಣಿಗೆನೂ ಶುರು ಮಾಡಿಬಿಟ್ಟೆ, ಚಿತ್ರ ಎಲ್ಲ ರೆಡಿ.

ಗೈಡ್ ಚಿತ್ರ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಹೈಇಕಟ್‌ನಲ್ಲಿ ಕಟ್‌ಆಫ್ ಎನರ್ಜಿ ಎಷ್ಟು ಬಂದಿದೆ ನೋಡಿ ಹೇಳಿ."

ನೋಡ್ದೆ. 14.1.

ಆಗ ಕೂತು ಆ ಮಾಡೆಲ್‌ನ ಸೂತ್ರ ಓದ್ದೆ, ಮೊದಲ ದಿನವೇ ಓದಬೇಕಿತ್ತು. ಹೈಇಕಟ್ ಕಟ್‌ಆಫ್‌ಗಿಂತ ಕೆಳಗೆ ಏನೂ ಮಾಡಲ್ಲ, ಪವರ್ ಲಾ ಇದ್ದ ಹಾಗೇ ಬಿಡತ್ತೆ, ಕಟ್‌ಆಫ್ ದಾಟಿದ ಕ್ಷಣ ಎಕ್ಸ್‌ಪೊನೆನ್ಷಿಯಲ್ ಶುರು. ಅಂದ್ರೆ ಆ ಜಾಗದಲ್ಲಿ ವಕ್ರರೇಖೆ ನಯವಾಗಿ ಬಗ್ಗಲ್ಲ, ಮೊಣಕೈ ಥರ ಮುರಿಯತ್ತೆ. ನಿಜವಾದ ನಕ್ಷತ್ರದ ಸ್ಪೆಕ್ಟ್ರಮ್ ಅಲ್ಲಿ ನಿಧಾನಕ್ಕೆ ಬಗ್ತಿದೆ, ಮಾಡೆಲ್‌ನ ಮೊಣಕೈ ಅದಕ್ಕಿಂತ ಮೇಲೆ ಚಾಚ್ಕೊಂಡಿದೆ, ಮೊಣಕೈ ಚಾಚಿದಷ್ಟೂ ಡೇಟಾ ತಗ್ಗಿದ ಹಾಗೆ ಕಾಣತ್ತೆ, ಆ ತಗ್ಗಿಗೇ ನಾನು ಗೆರೆ ಅಂತ ಹೆಸರು ಇಟ್ಟಿದ್ದೆ. ಮಾಡೆಲ್‌ನ ತಪ್ಪನ್ನ ನಕ್ಷತ್ರದ ಮೇಲೆ ಹೊರಿಸಿದ್ದೆ.

ಪರೀಕ್ಷೆ ಸುಲಭ, ಕಂಟಿನ್ಯೂಯಮ್ (ಗೆರೆಗಳನ್ನ ಬಿಟ್ಟು ಉಳಿದ ಸ್ಪೆಕ್ಟ್ರಮ್) ಮಾಡೆಲ್ ಬದಲಾಯಿಸಿ ನೋಡೋದು. ಎಫ್‌ಡಿಕಟ್ ನಯವಾಗಿ ಬಗ್ಗತ್ತೆ, ಎನ್‌ಪಿಇಎಕ್ಸ್ ಎರಡು ಪವರ್ ಲಾ ಸೇರಿದ್ದು, ನ್ಯೂಎಚ್‌ಕಟ್ ಆ ಮೊಣಕೈಯನ್ನೇ ಉಜ್ಜಿ ನಯ ಮಾಡಿದ್ದು. ಮೂರರಲ್ಲೂ 14ರ ತಗ್ಗು ಮಾಯ. 28ರದ್ದು ಮೂರರಲ್ಲೂ ಉಳೀತು. ಅದರ ನಡುಭಾಗ ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ಸರೀತು, ಅಗಲ ಇನ್ನೂ ಜಾಸ್ತಿ ಸರೀತು, ಆದ್ರೆ ಗೆರೆ ಹೋಗಲಿಲ್ಲ. ಬ್ಯಾಕ್‌ಗ್ರೌಂಡ್ ಜಾಗವನ್ನೂ ಬದಲಾಯಿಸಿ ನೋಡ್ದೆ, ಯಾಕಂದ್ರೆ ನ್ಯೂಸ್ಟಾರ್‌ನ ಉಪಕರಣದ್ದೇ ಬ್ಯಾಕ್‌ಗ್ರೌಂಡ್ ಗೆರೆಗಳು ಸರಿಯಾಗಿ ಆ 20ರಿಂದ 30ರ ಆಸುಪಾಸಲ್ಲೇ ಇದಾವೆ. ಆಗಲೂ ಉಳೀತು. ಇನ್ನು ಎಫ್-ಟೆಸ್ಟ್, ಇಂಥ ಗೆರೆ ಇದೆಯೋ ಇಲ್ವೋ ಅನ್ನೋದಕ್ಕೆ ಅದನ್ನ ಬಳಸಲೇಬಾರದು, ಗೆರೆ ಇಲ್ಲದ ಮಾಡೆಲ್‌ನಿಂದ ಎಕ್ಸ್‌ಸ್ಪೆಕ್‌ನ ಫೇಕ್‌ಇಟ್ ಆಜ್ಞೆಯಲ್ಲಿ ಸಾವಿರ ಸುಳ್ಳು ಸ್ಪೆಕ್ಟ್ರಮ್ ಹುಟ್ಟಿಸಿ, ಎಷ್ಟರಲ್ಲಿ ಕೈ-ಸ್ಕ್ವೇರ್ ಅಷ್ಟೊಂದು ಇಳಿಯತ್ತೆ ಅಂತ ಎಣಿಸಬೇಕು. ಆದ್ರೆ ಸಿಮ್ಯುಲೇಷನ್ ಕೂಡ ಕಂಟಿನ್ಯೂಯಮ್ ತಪ್ಪಾಗಿದ್ರೆ ಕಾಪಾಡಲ್ಲ, ಇದನ್ನ ನಾನು ಒತ್ತಿ ಹೇಳ್ತೀನಿ.

ಉಳಿದ 28ರ ಗೆರೆಯಿಂದ ಕಾಂತಕ್ಷೇತ್ರದ ಲೆಕ್ಕ ಹೀಗೆ: 11.6 ಕೆಇವಿ ಅಂದ್ರೆ 10ರ 12ನೇ ಘಾತದಷ್ಟು ಗಾಸ್ (ಕಾಂತಕ್ಷೇತ್ರದ ಅಳತೆ). ನ್ಯೂಟ್ರಾನ್ ನಕ್ಷತ್ರದ ಗುರುತ್ವ ಫೋಟಾನ್‌ನ ಶಕ್ತಿ ಕಮ್ಮಿ ಮಾಡೋದ್ರಿಂದ ಅಳೆದ ಸಂಖ್ಯೆಯನ್ನ ಸುಮಾರು 1.3ರಿಂದ ಗುಣಿಸಬೇಕು. 28-29ಕ್ಕೆ 3.2ರ ಆಸುಪಾಸು ಬರತ್ತೆ, ಅಂದ್ರೆ 3.2 ಲಕ್ಷ ಕೋಟಿ ಗಾಸ್. ಅಷ್ಟು ದೂರದ ಒಂದು ಚೂರು ನಕ್ಷತ್ರದ ಕಾಂತಕ್ಷೇತ್ರವನ್ನ ಒಂದು ಗುಳಿಯಿಂದ ನೇರವಾಗಿ ಓದೋದು, ಈಗಲೂ ಮೈ ಜುಮ್ ಅನ್ನತ್ತೆ.

ಕಬ್ಬಿಣದ ಕಥೆ ಬೇರೆ. ನನ್ನ ಗಾಸಿಯನ್ ತುಂಬ ಅಗಲ ಬಂದಿತ್ತು, ನ್ಯೂಟ್ರಾನ್ ನಕ್ಷತ್ರದ ಸುತ್ತ ಇರೋ ಅನಿಲದ ಡಿಸ್ಕ್‌ನ ಒಳಭಾಗ ವೇಗವಾಗಿ ಸುತ್ತೋದ್ರಿಂದ ಹೀಗೆ ಅಂತ ಬರೆಯೋಕೆ ಹೊರಟಿದ್ದೆ. ಆದ್ರೆ ನ್ಯೂಸ್ಟಾರ್ ಅಲ್ಲಿ ಎರಡು ಗೆರೆ ಬಿಡಿಸಿ ನೋಡೋದು ಅವುಗಳ ಮಧ್ಯೆ ಸುಮಾರು 400 ಇವಿ (0.4 ಕೆಇವಿ) ಅಂತರ ಇದ್ರೆ ಅಷ್ಟೇ, 6.4, 6.7, 6.97 ಕೆಇವಿಯ ಮೂರು ಗೆರೆ ಅದರ ಕಣ್ಣಿಗೆ ಒಂದೇ ಗುಡ್ಡೆ. ಇನ್ನೂ ಸೂಕ್ಷ್ಮವಾಗಿ ಬಿಡಿಸೋ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹದ ಡೇಟಾ ತೆಗೆದು ನೋಡಿದ್ರೆ ಮೂರೂ ಬೇರೆ ಬೇರೆ ನಿಂತಿದ್ವು. ಗ್ರಹಣದ ಹೊತ್ತಿನ ಸ್ಪೆಕ್ಟ್ರಮ್‌ನಲ್ಲಂತೂ ಇನ್ನೂ ಚೆನ್ನ: 6.4ರದ್ದು ಕುಗ್ಗಿ ಹೋಗಿದೆ, 6.7 ಮತ್ತು 6.97 ಎದ್ದು ಕಾಣ್ತಿವೆ. ಅಂದ್ರೆ 6.4ರ ಗೆರೆ ಕೊಡೋ, ಎಲೆಕ್ಟ್ರಾನ್ ಹೆಚ್ಚು ಕಳ್ಕೊಳ್ಳದ ಕಬ್ಬಿಣ ನ್ಯೂಟ್ರಾನ್ ನಕ್ಷತ್ರದ ಹತ್ತಿರವೇ ಇದೆ, ಅದರ ಜೊತೆಗೇ ಮರೆಯಾಗತ್ತೆ, 6.7 ಮತ್ತು 6.97 ಕೊಡೋ, ತುಂಬ ಎಲೆಕ್ಟ್ರಾನ್ ಕಳ್ಕೊಂಡ ಕಬ್ಬಿಣ ಗ್ರಹಣ ಮುಚ್ಚಲಾಗದಷ್ಟು ದೂರಕ್ಕೆ ಹರಡಿದೆ. ಆ ಎರಡು ಪ್ಲಾಟ್ ಒಂದರ ಪಕ್ಕ ಒಂದು ಇಟ್ಟು ನೋಡಿದ ದಿನ ನಾನು ಈ ಕ್ಷೇತ್ರ ಬಿಡಲ್ಲ ಅಂತ ನಿಶ್ಚಯ ಆಯ್ತು.

ಕಕ್ಷೆಯ ವೇಗಕ್ಕೆ 6.4ರ ಗೆರೆ ಅತ್ತಿತ್ತ ಸರಿಯಬೇಕು, ನ್ಯೂಟ್ರಾನ್ ನಕ್ಷತ್ರದ ಜೊತೆಗೇ ಪೂರ್ತಿ ಓಡಾಡಿದ್ರೂ ಸುಮಾರು 9 ಇವಿ, ನನ್ನ ಡೇಟಾದಲ್ಲಿ ಅದನ್ನ ಹುಡುಕೋ ಮಾತೇ ಇಲ್ಲ. 2023ರಲ್ಲಿ ಹಾರಿದ ಕ್ರಿಸಮ್ ಉಪಗ್ರಹದ ರಿಸಾಲ್ವ್ ಉಪಕರಣ ಸುಮಾರು 5 ಇವಿ ಬಿಡಿಸತ್ತೆ, ಇದೇ ಸೆಂಟಾರಸ್ ಎಕ್ಸ್-3ರಲ್ಲಿ ಆ ಗೆರೆ ಕಕ್ಷೆಯ ಜೊತೆ ಸರಿಯೋದನ್ನ ತೋರಿಸಿದೆ. ಈಗ ನಾನು ಅದನ್ನೇ ಓದ್ತಾ ಕೂತಿದೀನಿ.