ಕೋಟೆ ಊರಿನವರು ಕಡಲಿಗೆ ಇಳಿಯುವ ಮೊದಲು

ಚಿತ್ರದುರ್ಗಕ್ಕೂ ಸಮುದ್ರಕ್ಕೂ ಏನು ನಂಟು ಅಂತ ಕೇಳುವವರಿಗೆ ನಾನು ಇಲ್ಲೇ ಹತ್ತಿರದ ಮರಡಿಹಳ್ಳಿಯ ಬಂಡೆ ತೋರಿಸುತ್ತೇನೆ. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕಾಣುತ್ತವೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ಹಾಗೇ ತಣ್ಣಗಾಗಿ ಗಟ್ಟಿಯಾದದ್ದು ಅದು. ಇಲ್ಲೂ ಒಂದು ಕಾಲಕ್ಕೆ ಕಡಲಿತ್ತು. ಈಗ ಅದನ್ನು ಹುಡುಕಿಕೊಂಡು ಉಡುಪಿ ಹತ್ತಿರದ ಮಲ್ಪೆಗೆ ಹೋಗಬೇಕು, ಅಷ್ಟೆ.

ಮಲ್ಪೆ ತೀರದಿಂದ ಸುಮಾರು 6 ಕಿಲೋಮೀಟರ್ ದೂರ, ಕಡಲೊಳಗೆ ಸೇಂಟ್ ಮೇರೀಸ್ ದ್ವೀಪಗಳಿವೆ. ಅವೂ ಲಾವಾದವೇ, ಆದರೆ ಇಲ್ಲಿ ಕಲ್ಲು ಮೂಲೆಮೂಲೆಯ ಕಂಬಗಳಾಗಿ ನಿಂತಿದೆ. ಜನ ದೋಣಿಯಲ್ಲಿ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ಕಯಾಕ್‌ನಲ್ಲಿ, ಅಂದರೆ ನಾವೇ ಹುಟ್ಟು ಹಾಕುವ ಪುಟ್ಟ ದೋಣಿಯಲ್ಲಿ ಕೂತು, ನೀರಿನ ಮಟ್ಟದಿಂದ ಆ ಕಂಬಗಳನ್ನು ನೋಡುವುದೇ ಬೇರೆ. ನಾವು ಐದು ಜನ ಗೆಳೆಯರು ಒಂದು ದಿನ ಹಾಗೆ ಹೋಗಿ ಬಂದೆವು. ನೀವೂ ಹೊರಟಿದ್ದರೆ, ನಮಗೆ ತಡವಾಗಿ ಗೊತ್ತಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋಗುವುದು ನವೆಂಬರ್‌ನಿಂದ ಫೆಬ್ರವರಿ ಒಳಗೆ. ಮಳೆಗಾಲದ ಕಡಲಿನ ತಂಟೆಗೆ ಹೋಗಬೇಡಿ. ದೋಣಿ, ಲೈಫ್ ಜಾಕೆಟ್, ಜೊತೆಗೆ ಬರುವ ಗೈಡ್ ಎಲ್ಲ ಅಲ್ಲಿನವರದ್ದೇ ಇರಲಿ. ದ್ವೀಪದ ಹತ್ತಿರ ಎಲ್ಲಿಯವರೆಗೆ ಹೋಗಬಹುದು, ಅನುಮತಿ ಬೇಕಾ ಅನ್ನುವುದನ್ನೂ ಅವರ ಹತ್ತಿರವೇ ಕೇಳಿ.

ಮೊದಲು ಬೀಳುವುದನ್ನು ಕಲಿಯಿರಿ

ಬಯಲುಸೀಮೆಯ ನಮ್ಮಲ್ಲಿ ಅರ್ಧ ಜನಕ್ಕೆ ಈಜು ಬರುವುದಿಲ್ಲ. ಹೊರಡುವ ಮುಂಚೆ ಊರಿನ ಈಜುಕೊಳದಲ್ಲಿ ನಾಲ್ಕು ದಿನ ಲೈಫ್ ಜಾಕೆಟ್ ಹಾಕಿಕೊಂಡು ಅಂಗಾತ ತೇಲಿ ನೋಡಿ. ಸುಮ್ನೆ ತೇಲುವುದು ರೂಢಿಯಾದರೆ ಅರ್ಧ ಭಯ ಹೋಗುತ್ತದೆ. ಜಾಕೆಟ್ ಹಾಕಿದ ಮೇಲೆ ಗೆಳೆಯನಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿವರೆಗೆ ಬಂದರೆ ಅದು ಸಡಿಲ.

ನೇರ ಸಮುದ್ರಕ್ಕೆ ಇಳಿಯಬೇಡಿ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಕಯಾಕಿಂಗ್ ಇದೆ. ಒಂದು ದಿನ ಅಲ್ಲಿ ಕೈ ಪಳಗಿಸಿ. ಹುಟ್ಟು ಹಾಕುವುದು ತೋಳಿನ ಕೆಲಸ ಅಂದುಕೊಂಡಿರುತ್ತೇವೆ. ಅಲ್ಲ, ಅದು ಸೊಂಟದ್ದು. ಕೊಡಲಿ ಬೀಸುವಾಗ ಮೈ ತಿರುಗುತ್ತದಲ್ಲ, ಹಾಗೆ ತಿರುಗಬೇಕು. ಹುಟ್ಟನ್ನು ಬಿಗಿಯಾಗಿ ಹಿಡಿದರೆ ಸಂಜೆಯೊಳಗೆ ಅಂಗೈಯಲ್ಲಿ ಬೊಬ್ಬೆ ಗ್ಯಾರಂಟಿ.

ಆಮೇಲೆ ಗೈಡ್ ಪಕ್ಕದಲ್ಲಿರುವಾಗ ಬೇಕಂತಲೇ ದೋಣಿ ಮಗುಚಿ. ಹೌದು, ನಗು ಬರುತ್ತದೆ. ಆದರೆ ನಾನು ಇದನ್ನು ಬಿಟ್ಟು ನೇರ ಸಮುದ್ರದಲ್ಲಿ ಮಗುಚಿಕೊಂಡಿದ್ದೆ. ಮೂರು ಸಲ ಹತ್ತಲು ಹೋಗಿ, ಮೂರು ಸಲವೂ ಜಾರಿ, ಕುಡಿದ ಉಪ್ಪುನೀರು ಇನ್ನೂ ನೆನಪಿದೆ. ಬಿದ್ದ ತಕ್ಷಣ ದೋಣಿಯನ್ನೂ ಹುಟ್ಟನ್ನೂ ಬಿಡಬೇಡಿ. ದೋಣಿ ಬೋರಲಾಗಿದ್ದರೆ ನೆಟ್ಟಗೆ ಮಾಡಿ. ಗೆಳೆಯ ತನ್ನ ದೋಣಿ ತಂದು ಆಚೆ ಬದಿಯಿಂದ ನಿಮ್ಮದನ್ನು ಗಟ್ಟಿ ಹಿಡಿಯಲಿ. ನೀವು ಈಚೆ ಬದಿಯಲ್ಲಿ, ಸೀಟಿನ ಪಕ್ಕ ಕೈ ಇಟ್ಟು ಕಾಲು ಬಡಿಯಿರಿ. ಮೈ ನೀರಿನ ಮೇಲೆ ಮಟ್ಟಸವಾಗಿ ತೇಲಿದಾಗ ಹೊಟ್ಟೆಯನ್ನು ದೋಣಿ ಮೇಲೆ ಎಳೆದುಕೊಂಡು, ಮೆಲ್ಲಗೆ ಹೊರಳಿ ಕೂರಿ. ಕಾಲು ಕೆಳಗೆ ನೇತಾಡುತ್ತಿದ್ದರೆ ಎಷ್ಟು ಶಕ್ತಿ ಇದ್ದರೂ ಹತ್ತಲಾಗದು. ನನ್ನ ತಪ್ಪು ಅದೇ ಆಗಿತ್ತು.

ಗಾಳಿ ನೋಡಿ ಹೊರಡಿ

ಬೆಳಿಗ್ಗೆ ಏಳಕ್ಕೆ ನೀರಿನಲ್ಲಿರಬೇಕು. ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬೆನ್ನಿಗೆ ಗಾಳಿ ಇದ್ದಾಗ ದೋಣಿ ತಾನೇ ಓಡುತ್ತದೆ. ಆಗ ಎಲ್ಲರೂ ಶೂರರೇ. ಮೋಸ ಇರುವುದು ಅಲ್ಲೇ. ಅರ್ಧ ಗಂಟೆಗೊಮ್ಮೆ ದೋಣಿಯನ್ನು ದಡದ ಕಡೆ ತಿರುಗಿಸಿ ಹತ್ತು ಸಲ ಹುಟ್ಟು ಹಾಕಿ ನೋಡಿ. ಕಷ್ಟ ಅನ್ನಿಸಿದರೆ ಅಲ್ಲಿಂದಲೇ ವಾಪಸ್. ಬಿಸಿಲೇರಿದ ಮೇಲೆ ಗಾಳಿ ಸಾಮಾನ್ಯವಾಗಿ ಕಡಲಿನಿಂದ ನೆಲಕ್ಕೆ ತಿರುಗುತ್ತದೆ. ಬರುವಾಗ ತಳ್ಳುತ್ತದೆ ನಿಜ, ಆದರೆ ಅಲೆಯೂ ಏಳುತ್ತದೆ. ಹಾಗಾಗಿ ಹತ್ತೂವರೆ ಒಳಗೆ ದ್ವೀಪ ಬಿಡಿ.

ಹೊಸಬರ ವೇಗ ಗಂಟೆಗೆ ನಾಲ್ಕು ಕಿಲೋಮೀಟರ್ ಅಂದುಕೊಳ್ಳಿ. ಹೋಗಲು ಒಂದೂವರೆ ಗಂಟೆ ಬೇಕು. ನಿಧಾನ ಇರುವವನನ್ನು ಮುಂದೆ ಬಿಡಿ, ಗುಂಪು ಅವನ ಲೆಕ್ಕದಲ್ಲೇ ಸಾಗಲಿ. ಕೂಗಿದರೆ ಕೇಳುವಷ್ಟು ಹತ್ತಿರ ಇರಿ. ಎಲ್ಲರ ಜಾಕೆಟ್‌ಗೂ ಒಂದು ಸೀಟಿ ಕಟ್ಟಿರಿ. ಬಂದರಿನ ಮೀನುಗಾರಿಕೆ ದೋಣಿಗಳ ದಾರಿಗೆ ಅಡ್ಡ ಹೋಗಬೇಡಿ. ನೀವು ಅವರಿಗೆ ಕಾಣುವುದೇ ಇಲ್ಲ. ಫೋನನ್ನು ನೀರು ಹೋಗದ ಚೀಲದಲ್ಲಿಟ್ಟು ಮೈಗೆ ಕಟ್ಟಿಕೊಳ್ಳಿ. ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಅದರಲ್ಲಿರಲಿ.

ದ್ವೀಪ ಸಿಕ್ಕಿದಾಗ ಕಲ್ಲಿಗೆ ಕೈ ತಾಗಿಸುವ ಆಸೆ ಆಗುತ್ತದೆ. ಬೇಡ. ಬಂಡೆಗೆ ಬಡಿದ ಅಲೆ ತಿರುಗಿ ಬಂದು ಇನ್ನೊಂದು ಅಲೆಗೆ ಡಿಕ್ಕಿ ಹೊಡೆಯುತ್ತದೆ. ಅಲ್ಲಿ ನೀರು ಎಲ್ಲ ದಿಕ್ಕಿನಿಂದ ಕುದಿಯುತ್ತಿರುತ್ತದೆ. ನಾನು ಬಿದ್ದದ್ದು ಅಲ್ಲೇ. ಮೂರ್ನಾಲ್ಕು ದೋಣಿ ಉದ್ದದಷ್ಟು ದೂರ ನಿಲ್ಲಿ, ಚೆನ್ನಾಗೇ ಕಾಣುತ್ತದೆ. ಇಳಿತದಲ್ಲಿ ಮುಳುಗಿದ ಬಂಡೆಗಳು ಮೇಲೆ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಉಬ್ಬರ ಇಳಿತ ಎರಡೂ ಜಾಸ್ತಿ. ಕಲ್ಲಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಬರಿಗಾಲು ಬೇಡ.

ತಲಾ ಮೂರು ಲೀಟರ್ ನೀರು, ಶೇಂಗಾ ಉಂಡೆ ಇರಲಿ. ಮಂಡಕ್ಕಿ ಒಯ್ಯಬೇಡಿ, ಒಂದೇ ಅಲೆಗೆ ಗಂಜಿಯಾಗುತ್ತದೆ. ಮುಖಕ್ಕೆ ಸನ್‌ಸ್ಕ್ರೀನ್ ಎಲ್ಲರೂ ಹಚ್ಚುತ್ತಾರೆ, ಮೊಣಕಾಲಿನ ಕೆಳಗೆ ಮರೆಯುತ್ತಾರೆ. ದೋಣಿಯಲ್ಲಿ ಕಾಲು ಚಾಚಿ ಕೂತಿರುತ್ತೀರಿ, ಬಿಸಿಲು ನೇರ ಅಲ್ಲಿಗೇ.

ಇನ್ನೊಂದು ಮಾತು. ವಾಪಸ್ ಬರುವಾಗ ಆಗುಂಬೆ ಘಾಟಿಯ 14 ತಿರುವು ಹತ್ತುವ ಡ್ರೈವರ್, ಆ ದಿನ ಹುಟ್ಟು ಹಿಡಿಯದೆ ದಡದಲ್ಲಿ ಚಹಾ ಕುಡಿಯುತ್ತಾ ಕೂತವನಾಗಿರಲಿ. ನಮ್ಮಲ್ಲಿ ಯಾರ ಕೈಗೂ ಸ್ಟೇರಿಂಗ್ ತಿರುಗಿಸುವ ಶಕ್ತಿ ಉಳಿದಿರಲಿಲ್ಲ. ಆ ರಾತ್ರಿ ಉಡುಪಿಯಲ್ಲೇ ಉಳಿದೆವು.