ಹಳೇ ಗಾಡಿಗೆ ಸರಿಯಾದ ಆಯಿಲ್ ಫಿಲ್ಟರ್ ಆರಿಸುವುದು ಹೇಗೆ?

ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು. ಆದರೂ ಮೈಸೂರು, ಮಂಡ್ಯದ ರಸ್ತೆಗಳಲ್ಲಿ ಅದನ್ನು ಜೋಪಾನವಾಗಿ ಓಡಿಸುವವರಿದ್ದಾರೆ. ಇಂಥ ಗಾಡಿಗೆ ಫಿಲ್ಟರ್ ಕೇಳಿದರೆ ಅಂಗಡಿಯಲ್ಲಿ ‘ಇದೂ ಕೂರುತ್ತೆ ಸಾರ್’ ಎಂದು ಯಾವುದೋ ಒಂದನ್ನು ಕೊಡುವುದುಂಟು. ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ.

ಮೊದಲು ನಿಮ್ಮ ಗಾಡಿಗೆ ಎಂಥ ಫಿಲ್ಟರ್ ಬೇಕು ಅಂತ ತಿಳಿದುಕೊಳ್ಳಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೇ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಅವುಗಳಲ್ಲಿ ಎಂಜಿನ್ ಆಯಿಲು ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತದೆ, ಫಿಲ್ಟರ್ ಬೇಕಿಲ್ಲ. ಹಳೇ ಸ್ಪ್ಲೆಂಡರಿಗೆ ಕಾಗದದ ಫಿಲ್ಟರ್ ಇಲ್ಲ, ಒಳಗಿನ ಜಾಲರಿ ತೊಳೆದರಾಯಿತು. ಮಾರುತಿಗೆ ತಿರುಗಿಸಿ ಕೂರಿಸುವ ಡಬ್ಬಿ ಬೇಕು.

ಅಂಗಡಿಗೆ ಹೋಗುವಾಗ ಗಾಡಿಯ ಮಾಡೆಲ್, ವರ್ಷ, ಫಿಲ್ಟರಿನ ಪಾರ್ಟ್ ನಂಬರ್ (ಕಂಪನಿ ಆ ಭಾಗಕ್ಕೆ ಕೊಟ್ಟ ಸಂಖ್ಯೆ) ಬರೆದುಕೊಂಡು ಹೋಗಿ. ಹಳೇ ಫಿಲ್ಟರ್ ತೋರಿಸಿ ‘ಇಂಥದ್ದೇ ಕೊಡಿ’ ಅಂದರೆ ಸಾಲದು. ಹಿಂದಿನವರು ಹಾಕಿದ್ದೇ ತಪ್ಪಿರಬಹುದು, ಅಲ್ವಾ?

ಥ್ರೆಡ್ಡು, ರಬ್ಬರ್ ಸೀಲಿನ ಅಳತೆ ಹೊಂದಿದರೂ ಬೈಪಾಸ್ ವಾಲ್ವ್ ಬೇರೆಯಾಗಿರಬಹುದು. ಫಿಲ್ಟರ್ ಕಟ್ಟಿಕೊಂಡಾಗ, ಇಲ್ಲವೇ ಚಳಿಗೆ ಆಯಿಲು ಗಟ್ಟಿಯಾದಾಗ ಈ ವಾಲ್ವ್ ತೆರೆದುಕೊಂಡು ಆಯಿಲನ್ನು ಸೋಸದೆಯೇ ಎಂಜಿನ್ನಿಗೆ ಬಿಡುತ್ತದೆ. ಕೊಳೆ ಆಯಿಲಾದರೂ ಸರಿ, ಎಂಜಿನ್ ಒಣಗಬಾರದು. ಆದರೆ ಅದು ಬೇಗ ತೆರೆಯುವಂಥದ್ದಾದರೆ ಕೊಳೆ ಸುಮ್ನೆ ಸುತ್ತುತ್ತಲೇ ಇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರಿನಲ್ಲಲ್ಲ, ಎಂಜಿನ್ನಿನ ಒಡಲಿನಲ್ಲೇ (ಬ್ಲಾಕ್) ಇರುತ್ತದೆ. ಅದಕ್ಕೇ ಪಾರ್ಟ್ ನಂಬರಿಗೆ ಇಷ್ಟು ಒತ್ತು ಕೊಡುತ್ತಿದ್ದೇನೆ.

ದುಡ್ಡು ಕೊಡುವ ಮೊದಲು ಫಿಲ್ಟರಿನ ಬಾಯಿ ನೋಡಿ. ಸುತ್ತಲಿನ ಸಣ್ಣ ತೂತುಗಳ ಹಿಂದೆ ರಬ್ಬರ್ ಪದರ ಇರುತ್ತದೆ. ಎಂಜಿನ್ ನಿಂತಾಗ ಆಯಿಲು ವಾಪಸ್ ಸೋರದಂತೆ ತಡೆಯುವುದು ಅದೇ. ಫಿಲ್ಟರ್ ಅಡ್ಡಡ್ಡ ಕೂರುವ ಗಾಡಿಗೆ ಇದು ಬಹಳ ಮುಖ್ಯ. ಇದು ಗಡುಸಾಗಿದ್ದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟು ಆರಲು ತಡವಾಗುತ್ತದೆ, ಎಂಜಿನ್ ಕಟಕಟ ಎನ್ನುತ್ತದೆ. ಸಿಲಿಕೋನ್ ಪದರ ಸಿಕ್ಕರೆ ಅದನ್ನೇ ತಗೊಳ್ಳಿ, ಬಿಸಿಗೆ ಬೇಗ ಗಟ್ಟಿಯಾಗುವುದಿಲ್ಲ. ಡಬ್ಬಿ ನೆಗ್ಗಿದ್ದರೆ, ಅಕ್ಷರ ಮಸುಕಾಗಿದ್ದರೆ, ಎಂಆರ್‌ಪಿ ಇಲ್ಲದಿದ್ದರೆ ಬೇಡವೇ ಬೇಡ. ಬಿಲ್ ಕೇಳಿ ಪಡೆಯಿರಿ.

ಹಾಕುವಾಗ ಹಳೇ ಸೀಲು ಎಂಜಿನ್ನಿಗೆ ಅಂಟಿಕೊಂಡು ಉಳಿದಿದೆಯೇ ನೋಡಿ. ಅದರ ಮೇಲೇ ಹೊಸದು ಕೂತರೆ ಆಯಿಲೆಲ್ಲ ಹೊರಗೆ ಬರುತ್ತದೆ. ಹೊಸ ಸೀಲಿಗೆ ಬೆರಳಲ್ಲಿ ಆಯಿಲು ಸವರಿ. ಸೀಲು ತಾಗಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು ಬಿಗಿ ಮಾಡಿ. ಡಬ್ಬಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ಸ್ಪ್ಯಾನರ್ ಬಿಚ್ಚುವುದಕ್ಕೆ ಮಾತ್ರ. ಎರಡು ನಿಮಿಷ ಎಂಜಿನ್ ಓಡಿಸಿ, ಕೆಳಗೆ ಬಗ್ಗಿ ಸೋರಿಕೆ ನೋಡಿ. ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ತೆಗೆದು ಆಯಿಲಿನ ಮಟ್ಟ ನೋಡಿ.

ಹಳೇ ಆಯಿಲನ್ನು ಚರಂಡಿಗೋ ನಾಲೆಗೋ ಸುರಿಯಬೇಡಿ. ಅದೇ ನೀರು ಗದ್ದೆಗೆ ಹೋಗುತ್ತದೆ. ಕ್ಯಾನಿನಲ್ಲಿ ತುಂಬಿ, ಬಳಸಿದ ಆಯಿಲು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಬಹಳ ದಿನ ಆಯಿಲು ಬದಲಿಸದ ಎಂಜಿನ್ ಆದರೆ ಇನ್ನೊಂದು ವಿಷಯ. ಹೊಸ ಆಯಿಲು ಒಳಗಿನ ಜಿಡ್ಡನ್ನು ಕರಗಿಸುವುದರಿಂದ ಫಿಲ್ಟರ್ ಬೇಗ ತುಂಬುತ್ತದೆ. ಹಾಗಾಗಿ ಮೊದಲ ಸಲ ಮಾತ್ರ ಮ್ಯಾನುಯಲ್ ಹೇಳುವ ದೂರದ ಅರ್ಧಕ್ಕೇ ಆಯಿಲು, ಫಿಲ್ಟರ್ ಎರಡನ್ನೂ ಬದಲಿಸಿ.