ಹೂವಿನ ಬುಟ್ಟಾ ಸೀರೆಯ ಒಳಮೈ ನೋಡಿದ್ದೀರಾ?

ಹೊಸ ರೇಷ್ಮೆ ಸೀರೆ ಮನೆಗೆ ಬಂತು ಅಂದರೆ ಎಲ್ಲರೂ ಮೊದಲು ಸೆರಗು ಬಿಡಿಸಿ ನೋಡುತ್ತಾರೆ. ನಾನು ಒಳಮೈ ತಿರುಗಿಸಿ ನೋಡುತ್ತೇನೆ. ಕೈಮಗ್ಗದ ಹೂವಿನ ಬುಟ್ಟಾ (ನೇಯ್ಗೆಯಲ್ಲೇ ಮೂಡಿಸಿದ ಬಿಡಿ ಚಿತ್ತಾರ) ಸೀರೆಯನ್ನು ಹೇಗೆ ಉಡಬೇಕು, ಹೇಗೆ ಇಡಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಬನಾರಸ್ ಸೀರೆಯನ್ನೇ ನೋಡಿ. ಕಢುವಾ ನೇಯ್ಗೆಯಲ್ಲಿ ಒಂದೊಂದು ಹೂವನ್ನೂ ಬಿಡಿಯಾಗಿ ನೇಯುತ್ತಾರೆ, ಹಿಂದೆ ಎಳೆ ಜೋತಾಡುವುದಿಲ್ಲ. ಫೇಕುವಾ ಅನ್ನುವ ಇನ್ನೊಂದು ನೇಯ್ಗೆಯಲ್ಲಿ ಜರಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಹೂವಿಲ್ಲದ ಜಾಗದಲ್ಲಿ ಅದು ಹಿಂದೆ ಸಡಿಲವಾಗಿ ಉಳಿಯುತ್ತದೆ. ಬಳೆ, ಕಾಲುಂಗುರ, ಗೆಜ್ಜೆ ಸಿಕ್ಕಿಕೊಳ್ಳುವುದು ಈ ಎಳೆಗಳಿಗೇ. ನಮ್ಮ ಮೊಳಕಾಲ್ಮೂರು ಸೀರೆಯಲ್ಲೂ ಹೂ, ಹಣ್ಣು, ಪಕ್ಷಿಗಳ ಬುಟ್ಟಾ ಇರುತ್ತದೆ, 2011ರಲ್ಲಿ ಅದಕ್ಕೆ ಜಿಐ (ಆ ಊರಿನದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಯಾವ ಊರಿನದೇ ಆಗಲಿ, ಒಳಗೆ ಎಳೆ ಸಡಿಲ ಇದ್ದರೆ ಸೆರಗಿಗೂ ನೆರಿಗೆ ಬರುವ ಜಾಗಕ್ಕೂ ತೆಳು ನೆಟ್ ಹೊಲಿಸಿಬಿಡಿ. ಫಾಲ್ ಹಾಕುವವರೇ ಮಾಡಿಕೊಡುತ್ತಾರೆ. ಇಡೀ ಸೀರೆಗೆ ಬೇಡ, ಸುಮ್ನೆ ಭಾರ.

ಪಿನ್ನಿನ ವಿಷಯ ಸಣ್ಣದು ಅಂದುಕೊಳ್ಳಬೇಡಿ. ಪಿನ್ನಿನ ಬುಡದಲ್ಲಿ ಸುರುಳಿ ಇರುತ್ತದಲ್ವಾ, ರೇಷ್ಮೆ ಎಳೆ ಅದರೊಳಗೆ ನುಗ್ಗಿದರೆ ಸೀರೆ ಹರಿದೇ ಹೊರಗೆ ಬರುವುದು. ಮೊದಲು ಒಂದು ಪುಟ್ಟ ಮಣಿ ಪೋಣಿಸಿ ಸುರುಳಿಯ ತನಕ ತಳ್ಳಿ, ಆಮೇಲೆ ಚುಚ್ಚಿ. ಹೂವಿನ ಮೇಲೆ ಮಾತ್ರ ಚುಚ್ಚಬೇಡಿ, ಖಾಲಿ ಜಾಗ ನೋಡಿಕೊಳ್ಳಿ. ಸೆಂಟು ಹಾಕಿಕೊಳ್ಳುವುದಿದ್ದರೆ ಸೀರೆ ಉಡುವ ಮೊದಲೇ ಹಾಕಿಕೊಳ್ಳಿ. ಜರಿಗೆ ತಾಗಿದರೆ ಕಪ್ಪಾಗುತ್ತದೆ.

ಮದುವೆಮನೆಯಿಂದ ಬಂದ ಕೂಡಲೇ ಮಡಿಸಿ ಬೀರುವಿಗೆ ತುರುಕಬೇಡಿ. ರಾತ್ರಿಯೆಲ್ಲಾ ನೆರಳಲ್ಲಿ ಹರವಿ, ಬೆವರು ಆರಲಿ. ತುಪ್ಪವೋ ಎಣ್ಣೆಯೋ ಬಿದ್ದಿದ್ದರೆ ನೀರು ಹಾಕಿ ಉಜ್ಜಬೇಡಿ. ಮುಖಕ್ಕೆ ಹಾಕುವ ಪೌಡರ್ ಉದುರಿಸಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಮೆತ್ತಗೆ ಕೊಡವಿ.

ಜರಿ ಜಾಸ್ತಿ ಇರುವ ಸೀರೆಗೆ ಡ್ರೈ ಕ್ಲೀನಿಂಗೇ ಸರಿ. ಜರಿ ಕಡಿಮೆ ಇದ್ದು ಮನೆಯಲ್ಲೇ ಒಗೆಯುವುದಾದರೆ ಮೊದಲು ಬಣ್ಣ ನೋಡಿ. ಒಳಮೈಯ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ, ಬಣ್ಣ ಹತ್ತಿದರೆ ಒಗೆಯುವ ಮಾತೇ ಬೇಡ. ಅದರಲ್ಲೂ ಗಾಢ ಅಂಚು, ತಿಳಿ ಒಡಲಿನ ಸೀರೆಯಲ್ಲಿ ಅಂಚಿನ ಬಣ್ಣ ಒಡಲಿಗೆ ಹರಿದರೆ ಮತ್ತೆ ಹೋಗುವುದಿಲ್ಲ. ಬಟ್ಟೆ ಸೋಪಿನ ಪುಡಿಯ ಕ್ಷಾರ ರೇಷ್ಮೆಗೆ ಆಗಿಬರುವುದಿಲ್ಲ. ನಾನು ನಂಬುವುದು ಅಂಟುವಾಳ. ಬೀಜ ತೆಗೆದ ಕಾಯಿ ರಾತ್ರಿ ನೆನೆಸಿ, ಕಿವುಚಿ, ಸೋಸಿ, ತಣ್ಣೀರಿಗೆ ಬೆರೆಸಿ. ಸೀರೆ ಅದ್ದಿ ತೆಗೆದರೆ ಸಾಕು, ನೆನೆಹಾಕಬೇಡಿ. ತಣ್ಣೀರಲ್ಲಿ ಜಾಲಾಡಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ. ಇಸ್ತ್ರಿ ಒಳಮೈಗೆ, ಕಡಿಮೆ ಬಿಸಿಯಲ್ಲಿ, ಮೇಲೊಂದು ಹತ್ತಿ ಬಟ್ಟೆ ಹಾಸಿ.

ಎತ್ತಿಡುವಾಗ ಜರಿ ಹೂಗಳು ಒಳಗೆ ಬರುವಂತೆ ಮಡಿಸಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ. ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಬಿಡಬೇಡಿ, ತೇವ ಒಳಗೇ ಉಳಿಯುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ನನಗಂತೂ ಒಣಗಿದ ಬೇವಿನ ಎಲೆಯ ಪುಟ್ಟ ಗಂಟೇ ಮೇಲು, ಅದೂ ಸೀರೆಯಿಂದ ಸ್ವಲ್ಪ ದೂರ. ಮೂರು ತಿಂಗಳಿಗೊಮ್ಮೆ ಬಿಡಿಸಿ, ಗಾಳಿಗೆ ಹಾಕಿ, ಬೇರೆ ಕಡೆ ಮಡಿಕೆ ಬರುವಂತೆ ಮಡಿಸಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ಸೀರೆ ಆ ಗೆರೆಯಲ್ಲೇ ಸೀಳುತ್ತದೆ.

ಹಾಗೆ ಬಿಡಿಸಿದಾಗ ಹೂವಿನ ಎಳೆ ಎಲ್ಲಾದರೂ ಮೇಲೆದ್ದಿದ್ದು ಕಂಡರೆ ಕತ್ತರಿ ತರಬೇಡಿ. ಕತ್ತರಿಸಿದರೆ ಹೂವೇ ಬಿಚ್ಚಿಕೊಳ್ಳುತ್ತದೆ. ಸಣ್ಣ ಸೂಜಿಯಿಂದ ಎಳೆಯನ್ನು ಮೆಲ್ಲಗೆ ಒಳಮೈಗೆ ದಾಟಿಸಿ, ಅಲ್ಲೇ ಅದೇ ಬಣ್ಣದ ರೇಷ್ಮೆ ದಾರದಲ್ಲಿ ಎರಡು ಹೊಲಿಗೆ ಹಾಕಿ.